ಓದಿದ್ದು ತಲೆಯಲ್ಲಿ ಉಳಿಯಬೇಕು: ಯಾವ ವಿಧಾನ ಯಾರಿಗೆ ಸರಿ?

ಅಂಡರ್‌ಲೈನ್ ಮಾಡಿಕೊಂಡು ಓದಲಾ, ಉರು ಹೊಡೆಯಲಾ, ನೋಟ್ಸ್ ಬರೆಯಲಾ, ಪ್ರಶ್ನೆ ಚೀಟಿ ತೋರಿಸುವ ಆ್ಯಂಕಿ ಆ್ಯಪ್ ಹಾಕಿಕೊಳ್ಳಲಾ, ಇಲ್ಲಾ ಮೆಮೊರಿ ಕೋರ್ಸಿಗೆ ದುಡ್ಡು ಕಟ್ಟಲಾ? ಪಿಯುಸಿ ಓದುವವರು ಕೇಳುತ್ತಾರೆ. ಕೆಲಸಕ್ಕೆ ಹೋಗುತ್ತಾ ಎಫ್‌ಡಿಎ, ಪಿಡಿಒ, ಕೆಎಎಸ್‌ಗೆ ತಯಾರಾಗುವವರು ಕೇಳುತ್ತಾರೆ. ಮಕ್ಕಳ ಅಪ್ಪ ಅಮ್ಮಂದಿರು ಇನ್ನೂ ಜಾಸ್ತಿ ಕೇಳುತ್ತಾರೆ. ಒಬ್ಬೊಬ್ಬರು ಒಂದೊಂದು ಹೇಳಿ, ಕೊನೆಗೆ ಯಾವುದನ್ನು ಹಿಡಿಯಬೇಕು ಅಂತಲೇ ತಿಳಿಯದ ಹಾಗೆ ಆಗಿರುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಓದುವಾಗ ಸಲೀಸು ಅನ್ನಿಸುವ ವಿಧಾನ ಒಂದು, ತಿಂಗಳು ಬಿಟ್ಟು ಯಾರೋ ಕೇಳಿದಾಗ ಕೈ ಹಿಡಿಯುವ ವಿಧಾನ ಇನ್ನೊಂದು. ಎಷ್ಟೋ ಸಲ ಇವೆರಡೂ ಬೇರೆ ಬೇರೆ. ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಹಾಗಾಗಿ "ನನಗೆ ಇದೇ ಒಗ್ಗುತ್ತದೆ" ಅನ್ನುವ ಅನಿಸಿಕೆಯ ಮೇಲೆ ಮಾತ್ರ ಆರಿಸಿಕೊಳ್ಳಬೇಡಿ. ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಎಷ್ಟು ದಿನ ಉಳಿಯಬೇಕು? ನಾಳೆಯ ಯೂನಿಟ್ ಟೆಸ್ಟಿಗಾ, ಮಾರ್ಚ್ ತಿಂಗಳ ಪರೀಕ್ಷೆಗಾ, ಇಲ್ಲಾ ಜೀವನಪೂರ್ತಿ ಬೇಕಾದ ಭಾಷೆಯಾ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇದರ ಉತ್ತರ ಬದಲಾದರೆ ವಿಧಾನವೂ ಬದಲಾಗುತ್ತದೆ.

ಯಾವ ರೂಪದಲ್ಲಿ ಕೇಳುತ್ತಾರೆ? ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕುವುದು ಬೇರೆ, ಹತ್ತು ಅಂಕದ ಉತ್ತರ ಬರೆಯುವುದು ಬೇರೆ, ಲೆಕ್ಕ ಬಿಡಿಸುವುದು ಬೇರೆ, ಪದ್ಯವನ್ನು ಅಕ್ಷರ ತಪ್ಪದೆ ಒಪ್ಪಿಸುವುದು ಬೇರೆ.

ದಿನಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ, ಎಷ್ಟು ದುಡ್ಡು ಹಾಕಬಲ್ಲಿರಿ?

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ನನಗೆ ಗೊತ್ತಿಲ್ಲದ್ದು ಯಾವುದು ಅಂತ ಈ ವಿಧಾನ ನನಗೆ ತೋರಿಸುತ್ತದಾ? ತೋರಿಸದಿದ್ದರೆ ಪರೀಕ್ಷೆಯ ಹಾಲ್‌ನಲ್ಲೇ ಮೊದಲ ಸಲ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಹೊತ್ತು ಮೀರಿರುತ್ತದೆ.

ಮರೆವಿನ ಬಗ್ಗೆಯೂ ಒಂದು ಮಾತು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು 1885ರಲ್ಲಿ ಮರೆವನ್ನು ಅಳೆದು ಪ್ರಕಟಿಸಿದರು. ಅರ್ಥವಿಲ್ಲದ ಪುಟ್ಟ ಪುಟ್ಟ ಸದ್ದುಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕಲಿತು, ಎರಡನೇ ಸಲ ಕಲಿಯುವಾಗ ಎಷ್ಟು ಹೊತ್ತು ಉಳಿತಾಯ ಆಯಿತು ಅಂತ ಲೆಕ್ಕ ಹಾಕಿದರು. 20 ನಿಮಿಷ ಬಿಟ್ಟು ಕಲಿತಾಗ ಉಳಿತಾಯ ಶೇಕಡ 58. ಒಂದು ದಿನ ಬಿಟ್ಟರೆ 34ರ ಆಸುಪಾಸು. ಒಂದು ತಿಂಗಳು ಬಿಟ್ಟರೆ 21. ಅಂದರೆ ಹೋಗುವುದರಲ್ಲಿ ಬಹುಪಾಲು ಮೊದಲ ದಿನವೇ ಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಈ ಅಂಕಿಗಳನ್ನೇ ಹಿಡಿದು "ನಾವು ಓದಿದ್ದರಲ್ಲಿ ಶೇಕಡ 80 ಮರೆತುಹೋಗುತ್ತದೆ" ಅಂತ ವಾಟ್ಸ್ಆ್ಯಪ್‌ನಲ್ಲಿ ಹಂಚುತ್ತಾರೆ. ಅದು ಸರಿಯಲ್ಲ. ಅದು ಒಬ್ಬರೇ ವ್ಯಕ್ತಿ, ಅರ್ಥವಿಲ್ಲದ ಸದ್ದುಗಳ ಮೇಲೆ ಮಾಡಿದ ಅಳತೆ. ಅರ್ಥ ಆದ ಪಾಠ ಅಷ್ಟು ಬೇಗ ಹೋಗುವುದಿಲ್ಲ. ಆದರೆ ಮರೆವು ಮೊದಮೊದಲು ಜೋರು, ಆಮೇಲೆ ನಿಧಾನ ಅನ್ನುವುದು ಇವತ್ತಿಗೂ ನಿಂತಿರುವ ಮಾತು.

ಮತ್ತೆ ಮತ್ತೆ ಓದುವುದು, ಅಂಡರ್‌ಲೈನ್ ಮಾಡುವುದು

ಎಲ್ಲರೂ ಮಾಡುವುದು ಇದನ್ನೇ. ಖರ್ಚಿಲ್ಲ, ಶ್ರಮ ಕಡಿಮೆ, ಎರಡನೇ ಸಲ ಓದುವಾಗ ಎಲ್ಲಾ ಗೊತ್ತಿರುವ ಹಾಗೇ ಅನ್ನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಕಂಡರೆ ಗುರುತು ಸಿಗುವುದಕ್ಕೂ, ಕಾಣದೆ ಇರುವಾಗ ಹೇಳಲು ಬರುವುದಕ್ಕೂ ತುಂಬಾ ಅಂತರ ಇದೆ. ಈಗಿನ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಯಾವ ಜಾಗದ ಚಿತ್ರ ಇದೆ ಅಂತ ಜೇಬಿಗೆ ಕೈ ಹಾಕದೆ ಹೇಳಿ ನೋಡೋಣ. ನಮ್ಮದೇ ಹಂಪಿಯ ಕಲ್ಲಿನ ರಥ. ವರ್ಷಗಳಿಂದ ದಿನಾ ಕೈಯಲ್ಲಿ ಹಿಡಿದಿದ್ದೀರಿ, ಆದರೂ ಹೇಳಲು ತಡವರಿಸಿದವರೇ ಜಾಸ್ತಿ ಇರುತ್ತಾರೆ. ನಿಕರ್ಸನ್ ಮತ್ತು ಆ್ಯಡಮ್ಸ್ ಎಂಬ ಇಬ್ಬರು 1979ರಲ್ಲಿ ಅಮೆರಿಕದ ಜನರಿಗೆ ಅವರ ಒಂದು ಸೆಂಟ್ ನಾಣ್ಯದ ಚಿತ್ರ ಬರೆಯಲು ಹೇಳಿದಾಗಲೂ ಹೀಗೇ ಆಯಿತು. ಹೆಚ್ಚಿನವರಿಗೆ ಸರಿಯಾಗಿ ಬರೆಯಲು ಆಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಡನ್‌ಲಾಸ್ಕಿ ಮತ್ತು ಅವರ ಸಂಗಡಿಗರು 2013ರಲ್ಲಿ ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಮತ್ತೆ ಓದುವುದು, ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದು, ಎರಡೂ ಕಡಿಮೆ ಉಪಯೋಗದ ಗುಂಪಿಗೆ ಬಿದ್ದವು. ಹಾಗಂತ ಗೆರೆ ಎಳೆದರೆ ಪಾಪ ಏನಲ್ಲ. ಆಮೇಲೆ ಎಲ್ಲಿಂದ ಪ್ರಶ್ನೆ ಮಾಡಿಕೊಳ್ಳಬೇಕು ಅಂತ ಗುರುತು ಹಾಕಲು ಎಳೆಯಿರಿ. ಗೆರೆ ಎಳೆದದ್ದೇ ಓದಿದ್ದು ಅಂದುಕೊಂಡರೆ ಮಾತ್ರ ಮೋಸ ಹೋಗುತ್ತೀರಿ.

ಉರು ಹೊಡೆಯುವುದು

ಇದನ್ನು ಬೈಯುವುದು ಈಗ ಫ್ಯಾಷನ್ ಆಗಿದೆ. ನಾನು ಬೈಯುವುದಿಲ್ಲ. ಮಗ್ಗಿ, ವಚನ, ಸೂತ್ರ, ವಿಭಕ್ತಿ ಪ್ರತ್ಯಯ, ಇವು ಇದ್ದ ಹಾಗೇ ಬಾಯಿಗೆ ಬರಬೇಕು. ಅದಕ್ಕೆ ಬಾಯಿಪಾಠ ಬಿಟ್ಟರೆ ಅಡ್ಡದಾರಿ ಇಲ್ಲ. ಮಗ್ಗಿ ಬಾಯಿಗೆ ಬಂದರೆ ಲೆಕ್ಕ ಮಾಡುವಾಗ ತಲೆಯಲ್ಲಿ ಜಾಗ ಉಳಿಯುತ್ತದೆ. ಆ ಜಾಗ ಎಷ್ಟು ಚಿಕ್ಕದು ಗೊತ್ತಾ? ಜಾರ್ಜ್ ಮಿಲ್ಲರ್ 1956ರಲ್ಲಿ, ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಡಬಹುದಾದದ್ದು ಏಳು ಸಂಗತಿ, ಎರಡು ಹೆಚ್ಚು ಕಡಿಮೆ ಅಂದರು. ನೆಲ್ಸನ್ ಕೊವನ್ 2001ರಲ್ಲಿ ಅದನ್ನು ಇನ್ನೂ ಇಳಿಸಿ ನಾಲ್ಕರ ಹತ್ತಿರ ತಂದರು. ಏಳೆಂಟಲ ಎಷ್ಟು ಅಂತ ಯೋಚಿಸುತ್ತಾ ಕೂತರೆ ಆ ನಾಲ್ಕರಲ್ಲಿ ಒಂದು ಅದಕ್ಕೇ ಹೋಯಿತು.

ಆದರೆ ಸುಮ್ನೆ ತಿರುಗಿ ತಿರುಗಿ ಹೇಳಿದರೆ ಸಾಕಾ? ಎಡ್ವರ್ಡ್ ಥಾರ್ನ್‌ಡೈಕ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದರು. ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಇಟ್ಟು, ಅವು ಹೇಗೆ ಹೊರಗೆ ಬರಲು ಕಲಿಯುತ್ತವೆ ಅಂತ ನೋಡಿದವರು. ಜಾಸ್ತಿ ಸಲ ಮಾಡಿದಷ್ಟೂ ಕಲಿಕೆ ಗಟ್ಟಿಯಾಗುತ್ತದೆ ಅನ್ನುವುದು ಮೊದಲು ಅವರದೇ ನಿಯಮ. ಆಮೇಲೆ ಜನರಿಗೆ ಕಣ್ಣು ಕಟ್ಟಿ ಇಷ್ಟೇ ಉದ್ದದ ಗೆರೆ ಎಳೆಯಿರಿ ಅಂತ ಹೇಳಿ, ಸರಿಯಾ ತಪ್ಪಾ ಅಂತ ತಿಳಿಸದೆ, ಮತ್ತೆ ಮತ್ತೆ ಎಳೆಸಿದರು. ಎಷ್ಟು ಎಳೆದರೂ ಸುಧಾರಿಸಲಿಲ್ಲ. ತಮ್ಮ ನಿಯಮವನ್ನು ತಾವೇ ತಿದ್ದಿಕೊಂಡರು. ಸಲ ಎಷ್ಟಾದರೂ ತಪ್ಪು ತಿದ್ದುವವರು ಬೇಕು. ನಮ್ಮ ವೇದಪಾಠದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಜಟಾಪಾಠ, ಘನಪಾಠದಲ್ಲಿ ಪದಗಳನ್ನು ಮುಂದೆ ಹಿಂದೆ ಮಾಡಿ ಹೇಳಿಸುತ್ತಾರೆ, ಎದುರಿಗೆ ಕೂತ ಗುರು ಸ್ವರ ತಪ್ಪಿದಲ್ಲೇ ನಿಲ್ಲಿಸುತ್ತಾರೆ. ಕಣ್ಣು ಮುಚ್ಚಿ ಹೊಡೆಯುವ ಉರುವಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಹಾಗಾಗಿ ಅಕ್ಷರ ತಪ್ಪದೆ ಬೇಕಾದ್ದಕ್ಕೆ ಉರು ಹೊಡೆಯಿರಿ, ಕೇಳಿಸಿಕೊಂಡು ತಿದ್ದಲು ಒಬ್ಬರನ್ನು ಕೂರಿಸಿಕೊಳ್ಳಿ. ಅಜ್ಜಿ ಸಾಕು, ಮೊಬೈಲಿನ ರೆಕಾರ್ಡರ್ ಕೂಡ ಆಗುತ್ತದೆ. ಸಮಾಜ ವಿಜ್ಞಾನದ ಗೈಡಿನ ಉತ್ತರವನ್ನು ಪೂರ್ತಿ ಉರು ಹೊಡೆಯುವುದು ಮಾತ್ರ ಬೇಡ. ಮಧ್ಯದ ಒಂದು ಸಾಲು ಮರೆತರೆ ಮುಂದಿನದೆಲ್ಲಾ ಹೋಗುತ್ತದೆ, ಪ್ರಶ್ನೆ ಸ್ವಲ್ಪ ತಿರುಚಿದರೂ ಕೈ ಕೊಡುತ್ತದೆ.

ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು

ಒಂದೇ ವಿಧಾನ ಹೇಳಿ ಅಂದರೆ ನಾನು ಹೇಳುವುದು ಇದನ್ನೇ. ಪಾಠ ಒಂದು ಸಲ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. ಆಮೇಲೆ ತೆರೆದು ನೋಡಿ, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಅಷ್ಟೇ.

ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು 2006ರಲ್ಲಿ ಮಾಡಿದ ಪ್ರಯೋಗದ ಅಂಕಿಗಳನ್ನು ನೋಡಿ. ಒಂದು ಗುಂಪು ಅದೇ ಗದ್ಯಭಾಗವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಬರೀ ಓದಿದವರಿಗೆ ಶೇಕಡ 83 ನೆನಪಿತ್ತು, ಬರೆದವರಿಗೆ 71. ಇಲ್ಲಿಗೇ ನಿಲ್ಲಿಸಿದರೆ ಓದುವುದೇ ಗೆದ್ದ ಹಾಗೆ, ಅಲ್ವಾ? ಆದರೆ ಒಂದು ವಾರ ಬಿಟ್ಟು ಕೇಳಿದಾಗ ಓದಿದವರು 40ಕ್ಕೆ ಇಳಿದಿದ್ದರು. ಬರೆದವರು 61ರಲ್ಲಿದ್ದರು. ನಾನು ಮೊದಲ ಪ್ರಶ್ನೆಯಾಗಿ "ಎಷ್ಟು ದಿನ ಉಳಿಯಬೇಕು" ಅಂತ ಇಟ್ಟದ್ದು ಇದಕ್ಕೇ.

ಅವರೇ 2008ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಕಾಲೇಜು ಹುಡುಗರಿಗೆ 40 ಸ್ವಾಹಿಲಿ ಪದಗಳು. ಒಂದು ಸಲ ಸರಿ ಹೇಳಿದ ಪದವನ್ನೂ ಕೆಲವರಿಗೆ ಮುಂದಿನ ಸುತ್ತುಗಳಲ್ಲಿ ಕೇಳುತ್ತಾ ಹೋದರು. ಇನ್ನು ಕೆಲವರಿಗೆ ಅದನ್ನು ಓದಲು ಕೊಟ್ಟರೂ ಮತ್ತೆ ಕೇಳಲಿಲ್ಲ. ವಾರ ಕಳೆದ ಮೇಲೆ ಮೊದಲನೆಯವರಿಗೆ ಶೇಕಡ 80ರಷ್ಟು ನೆನಪಿತ್ತು, ಎರಡನೆಯವರಿಗೆ ಮೂರರಲ್ಲಿ ಒಂದು ಪಾಲು ಚೂರು ಹೆಚ್ಚು ಕಡಿಮೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಕಲಿತ ಕೂಡಲೇ "ವಾರ ಬಿಟ್ಟು ಎಷ್ಟು ನೆನಪಿರುತ್ತದೆ" ಅಂತ ಕೇಳಿದಾಗ ಎಲ್ಲಾ ಗುಂಪಿನವರೂ ಸುಮಾರು ಅರ್ಧ ಅಂತಲೇ ಹೇಳಿದ್ದರು. ಯಾವ ವಿಧಾನ ಕೆಲಸ ಮಾಡುತ್ತಿದೆ ಅನ್ನುವುದು ಕಲಿಯುತ್ತಿರುವವರಿಗೇ ಗೊತ್ತಾಗುವುದಿಲ್ಲ.

ಇದರಲ್ಲಿ ಕಷ್ಟ ಇಲ್ಲವಾ? ಇದೆ. ಖಾಲಿ ಹಾಳೆ ಎದುರಿಗೆ ಕೂತಾಗ ಏನೂ ಹೊಳೆಯದೆ ಬೇಜಾರಾಗುತ್ತದೆ, "ನಾನು ದಡ್ಡ" ಅನ್ನಿಸುತ್ತದೆ, ಮೊದಲ ವಾರದಲ್ಲೇ ಬಿಟ್ಟುಬಿಡುವವರು ಇದ್ದಾರೆ. ದಯವಿಟ್ಟು ಬಿಡಬೇಡಿ. ತಡಕಾಡಿ ತೆಗೆಯುವ ಆ ಒದ್ದಾಟದಿಂದಲೇ ನೆನಪು ಗಟ್ಟಿಯಾಗುವುದು. ರಾಬರ್ಟ್ ಬ್ಯೋರ್ಕ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಕಷ್ಟವನ್ನು "ಬೇಕಾದ ಕಷ್ಟ" ಅಂತಲೇ ಕರೆದರು. ಇನ್ನೊಂದು ಎಚ್ಚರ: ಉತ್ತರ ತೆರೆದು ನೋಡುವ ಕೆಲಸ ತಪ್ಪಿಸಬೇಡಿ. ತಪ್ಪನ್ನೇ ನೆನಪಿಸಿಕೊಂಡು ಹಾಗೇ ಬಿಟ್ಟರೆ ತಪ್ಪೇ ಕೂತುಬಿಡುತ್ತದೆ.

ಬಿಡುವು ಕೊಟ್ಟು ಓದುವುದು: ಡಬ್ಬಿಯಾ, ಆ್ಯಪಾ?

ಡನ್‌ಲಾಸ್ಕಿ ಅವರ ಪಟ್ಟಿಯಲ್ಲಿ ಮೇಲಿನ ಗುಂಪಿಗೆ ಸೇರಿದ್ದು ಎರಡೇ. ಒಂದು ಈಗ ಹೇಳಿದ್ದು. ಇನ್ನೊಂದು, ಅಷ್ಟೇ ಹೊತ್ತನ್ನು ಒಂದೇ ದಿನ ಸುರಿಯದೆ ದಿನಗಳ ಮೇಲೆ ಹರಡುವುದು. ಬರೇ ಹೊತ್ತು ಹಂಚುವುದು, ಹೆಚ್ಚುವರಿ ಖರ್ಚು ಸೊನ್ನೆ.

ಎಷ್ಟು ದಿನ ಬಿಡಬೇಕು? 2008ರಲ್ಲಿ ಸೆಪೀಡಾ ಮತ್ತು ಸಂಗಡಿಗರು ಸಾವಿರದ ಮುನ್ನೂರಕ್ಕೂ ಹೆಚ್ಚು ಜನರ ಮೇಲೆ ನೋಡಿದರು. ವಾರ ಬಿಟ್ಟು ಪರೀಕ್ಷೆ ಇದ್ದರೆ ಮೊದಲ ಓದಿಗೂ ಎರಡನೇ ಓದಿಗೂ ಒಂದು ದಿನದಷ್ಟು ಅಂತರ ಚೆನ್ನಾಗಿತ್ತು. 35 ದಿನದ ಪರೀಕ್ಷೆಗೆ ಹನ್ನೊಂದು ದಿನ. ಎರಡು ತಿಂಗಳು ದಾಟಿದರೆ ಮೂರು ವಾರದ ಹತ್ತಿರ. ಇದನ್ನು ಪಂಚಾಂಗದ ಹಾಗೆ ಹಿಡಿಯಬೇಡಿ, ಒಂದೆರಡು ದಿನ ಹೆಚ್ಚು ಕಡಿಮೆ ಆದರೆ ಏನೂ ಆಗುವುದಿಲ್ಲ. ಪರೀಕ್ಷೆ ದೂರ ಇದ್ದಷ್ಟೂ ಅಂತರ ದೊಡ್ಡದಿರಲಿ.

ಇದನ್ನು ನಡೆಸಲು ಎರಡು ದಾರಿ ಇವೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯ ಮಾಡಿದ ಡಬ್ಬಿ ಒಂದು. ಚಪ್ಪಲಿ ಡಬ್ಬಿಯಲ್ಲಿ ಐದು ಖಾನೆ ಮಾಡಿ. ಚೀಟಿಯ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ಮೊದಲ ಖಾನೆ ದಿನಾ, ಎರಡನೆಯದು ದಿನ ಬಿಟ್ಟು ದಿನ, ಹೀಗೆ ಮುಂದೆ ಹೋದಷ್ಟೂ ಅಪರೂಪ. ಹಳೇ ಮದುವೆ ಕರೆಯೋಲೆಯ ಖಾಲಿ ಬದಿ ಕತ್ತರಿಸಿದರೆ ಒಳ್ಳೇ ಚೀಟಿ ಆಗುತ್ತವೆ.

ಇನ್ನೊಂದು ಆ್ಯಂಕಿ. ಯಾವ ಚೀಟಿ ಯಾವತ್ತು ಬರಬೇಕು ಅಂತ ಅದೇ ಲೆಕ್ಕ ಇಡುತ್ತದೆ. ಕಂಪ್ಯೂಟರಿಗೂ ಆ್ಯಂಡ್ರಾಯ್ಡ್ ಫೋನಿಗೂ ಪುಕ್ಕಟೆ, ಐಫೋನಿಗೆ ಮಾತ್ರ ಒಂದು ಸಲ ದುಡ್ಡು ಕೊಡಬೇಕು. ಸಾವಿರಗಟ್ಟಲೆ ಚೀಟಿ ಇದ್ದರೆ ಆ್ಯಪ್ ಬೇಕೇ ಬೇಕು, ಡಬ್ಬಿಯಲ್ಲಿ ಸಂಭಾಳಿಸಲು ಆಗುವುದಿಲ್ಲ. ಇನ್ನೂರು ಮುನ್ನೂರು ಚೀಟಿಗೆ ಡಬ್ಬಿಯೇ ವಾಸಿ, ಮುಖ್ಯವಾಗಿ ಕೈಗೆ ಫೋನ್ ಬಂದರೆ ರೀಲ್ಸ್‌ಗೆ ಜಾರುವವರಿಗೆ. ಆ್ಯಪ್‌ನ ದೊಡ್ಡ ತೊಂದರೆ ಅಂದರೆ ನಾಲ್ಕು ದಿನ ಬಿಟ್ಟರೆ ಬಾಕಿ ಬೆಟ್ಟದಷ್ಟಾಗುತ್ತದೆ. ಹೊಸ ಚೀಟಿ ಸೇರಿಸುವುದನ್ನು ನಿಲ್ಲಿಸಿ, ಹಳೇದನ್ನು ದಿನಕ್ಕೆ ಇಷ್ಟು ಅಂತ ತೀರಿಸಿ.

ಚೀಟಿ ಬರೆಯುವುದರಲ್ಲೇ ಅರ್ಧ ಕೆಲಸ ಇದೆ. "ಹಲ್ಮಿಡಿ ಶಾಸನದ ಬಗ್ಗೆ ಬರೆಯಿರಿ" ಅಂತ ಒಂದೇ ಚೀಟಿ ಮಾಡಿದರೆ ಸರಿ ಹೇಳಿದೆನಾ ತಪ್ಪು ಹೇಳಿದೆನಾ ಅಂತಲೇ ತಿಳಿಯುವುದಿಲ್ಲ. ಒಡೆದು ಬರೆಯಿರಿ. ಹಲ್ಮಿಡಿ ಯಾವ ತಾಲೂಕಿನಲ್ಲಿದೆ? ಬೇಲೂರು. ಶಾಸನದ ಕಾಲ? ಸುಮಾರು ಕ್ರಿ.ಶ. 450. ಯಾವ ರಾಜಮನೆತನದ ಕಾಲದ್ದು? ಕದಂಬರು. ಒಂದು ಚೀಟಿಗೆ ಒಂದೇ ಉತ್ತರ. ಬೇರೆಯವರು ಮಾಡಿದ ರೆಡಿಮೇಡ್ ಚೀಟಿಗಳ ಕಟ್ಟು ಸಿಗುತ್ತದೆ ನಿಜ, ಹೊತ್ತು ಇಲ್ಲದಿದ್ದರೆ ತೆಗೆದುಕೊಳ್ಳಿ. ಆದರೆ ಪಾಠ ಅರ್ಥ ಆಗುವ ಮುಂಚೆ ಚೀಟಿ ತಿರುಗಿಸಲು ಹೋಗಬೇಡಿ. ಅದು ಮತ್ತೆ ಉರುವೇ ಆಗುತ್ತದೆ.

ಲೆಕ್ಕಕ್ಕೆ: ಮೊದಲು ಬಿಡಿಸಿದ್ದನ್ನು ನೋಡಿ, ಆಮೇಲೆ ಬೆರೆಸಿ

ಗಣಿತ, ಭೌತಶಾಸ್ತ್ರಕ್ಕೆ ಚೀಟಿ ಅಷ್ಟಾಗಿ ಒದಗುವುದಿಲ್ಲ. ಸೂತ್ರಕ್ಕೆ ಸರಿ, ಲೆಕ್ಕಕ್ಕೆ ಸಾಲದು. ಇಲ್ಲಿ ಎರಡು ವಿಧಾನ ಒಂದಕ್ಕೊಂದು ಜಗಳ ಆಡುವ ಹಾಗೆ ಕಾಣುತ್ತವೆ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಸಂಗಡಿಗರು 1980ರ ದಶಕದಲ್ಲಿ, ಹೊಸದಾಗಿ ಕಲಿಯುವವರಿಗೆ ಬಿಡಿಸಿದ ಲೆಕ್ಕಗಳನ್ನು ಹಂತ ಹಂತವಾಗಿ ನೋಡುವುದು ಒಳ್ಳೆಯದು, ಶುರುವಿನಲ್ಲೇ ತಾವೇ ಬಿಡಿಸಲು ಹೊರಟರೆ ತಲೆಯಲ್ಲಿ ಇರುವ ಚೂರು ಜಾಗ ತುಂಬಿ ಕಲಿಕೆ ಆಗುವುದಿಲ್ಲ ಅಂತ ತೋರಿಸಿದರು. ಇನ್ನೊಂದು ಕಡೆ ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆ ಬಗೆಯಾಗಿ ವಿಂಗಡಿಸಿ ಕೊಟ್ಟರು, ಇನ್ನೊಂದು ಗುಂಪಿಗೆ ಎಲ್ಲವನ್ನೂ ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಲ್ಲಿ ವಿಂಗಡಿಸಿದ ಗುಂಪು ಶೇಕಡ 89 ಸರಿ ಮಾಡಿತು, ಬೆರೆಸಿದ ಗುಂಪು 60. ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ವಿಂಗಡಿಸಿದವರು 20, ಬೆರೆಸಿದವರು 63!

ಯಾಕೆ ಹೀಗೆ? ಪಿಯುಸಿಯ ಇಂಟಿಗ್ರೇಷನ್ ತೆಗೆದುಕೊಳ್ಳಿ. ಎಕ್ಸ್ ಇಂಟು ಇ ಟು ದ ಪವರ್ ಎಕ್ಸ್, ಇದಕ್ಕೆ ಬೈ ಪಾರ್ಟ್ಸ್ ಬೇಕು. ಎಕ್ಸ್ ಇಂಟು ಇ ಟು ದ ಪವರ್ ಎಕ್ಸ್ ಸ್ಕ್ವೇರ್, ಇದು ಸಬ್‌ಸ್ಟಿಟ್ಯೂಷನ್ನಿನಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ನೋಡಲು ಅಕ್ಕತಂಗಿಯರ ಹಾಗಿವೆ. "ಬೈ ಪಾರ್ಟ್ಸ್" ಅಂತ ತಲೆಬರಹ ಇರುವ ಅಭ್ಯಾಸದಲ್ಲಿ ಇಪ್ಪತ್ತು ಲೆಕ್ಕ ಮಾಡಿದವರಿಗೆ ಯಾವ ದಾರಿ ಹಿಡಿಯಬೇಕು ಅಂತ ಆರಿಸುವ ಕೆಲಸವೇ ಬಂದಿರುವುದಿಲ್ಲ, ಪುಸ್ತಕವೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ. ಸಿಇಟಿಯಲ್ಲಂತೂ ಆರಿಸಲು ಕೆಲವೇ ಸೆಕೆಂಡು ಸಿಗುತ್ತವೆ.

ಹಾಗಾಗಿ ಜಗಳ ಇಲ್ಲ, ಸರದಿ ಇದೆ. ಅಧ್ಯಾಯ ಹೊಸದಾಗಿದ್ದಾಗ ಬಿಡಿಸಿದ ಲೆಕ್ಕ ನೋಡಿ, ಅದೇ ಬಗೆಯ ಮೂರ್ನಾಲ್ಕು ನೀವೇ ಮಾಡಿ. ಕೈ ಹಿಡಿತಕ್ಕೆ ಬಂದ ಕೂಡಲೇ ಬೆರೆಸಿ. ಹಳೇ ಪ್ರಶ್ನೆಪತ್ರಿಕೆಗಳೇ ತಾವಾಗಿ ಬೆರೆತ ಅಭ್ಯಾಸ. ಬೇರೆ ದುಬಾರಿ ಪುಸ್ತಕ ಕೊಳ್ಳುವ ಮುಂಚೆ ಅವನ್ನು ಮುಗಿಸಿ.

ನೆನಪಿನ ಮನೆ, ಮೆಮೊರಿ ಕೋರ್ಸು

ಗೊತ್ತಿರುವ ಮನೆಯೊಳಗೆ ಮನಸ್ಸಿನಲ್ಲೇ ನಡೆಯುತ್ತಾ, ಬಾಗಿಲಲ್ಲಿ ಒಂದು, ತುಳಸಿಕಟ್ಟೆಯಲ್ಲಿ ಒಂದು, ಜಗಲಿಯಲ್ಲಿ ಒಂದು ಅಂತ ನೆನಪಿಡಬೇಕಾದ್ದನ್ನು ಇಡುತ್ತಾ ಹೋಗುವುದು. ಪ್ರಾಚೀನ ಗ್ರೀಸಿನ ಕವಿ ಸೈಮೊನಿಡೀಸ್ ಹೆಸರಿಗೆ ಅಂಟಿಕೊಂಡ ವಿಧಾನ ಇದು. ಕೆಲಸ ಮಾಡುತ್ತದಾ? ಖಂಡಿತ. 2017ರಲ್ಲಿ ಡ್ರೆಸ್ಲರ್ ಮತ್ತು ಸಂಗಡಿಗರು ಸಾಮಾನ್ಯ ಜನರಿಗೆ ದಿನಕ್ಕೆ ಅರ್ಧ ಗಂಟೆಯಂತೆ 40 ದಿನ ಇದನ್ನು ಕಲಿಸಿದರು. 72 ಪದಗಳ ಪಟ್ಟಿಯಲ್ಲಿ ಮೊದಲು ಸರಾಸರಿ 26 ಹೇಳುತ್ತಿದ್ದವರು ಆಮೇಲೆ 62 ಹೇಳಿದರು.

ಆದರೆ ನಿಮ್ಮ ಪರೀಕ್ಷೆಯಲ್ಲಿ 72 ಸಂಬಂಧವಿಲ್ಲದ ಪದಗಳನ್ನು ಸಾಲಾಗಿ ಕೇಳುತ್ತಾರಾ? ಸಾಲು ಮುಖ್ಯವಾದ ಕಡೆ, ರಾಜವಂಶದ ಕ್ರಮ, ಭಾಷಣದ ಅಂಶಗಳು, ಇಂಥಲ್ಲಿ ಇದು ಚೆನ್ನ. "ಬರಗಾಲಕ್ಕೆ ಕಾರಣ ವಿವರಿಸಿ" ಅಂದರೆ ಮನೆ ಸುತ್ತಿ ಉಪಯೋಗವಿಲ್ಲ. ಅಲ್ಲಿ ಬೇಕಾದ್ದು ಅರ್ಥ. ಕ್ರೇಕ್ ಮತ್ತು ಲಾಕ್‌ಹಾರ್ಟ್ 1972ರಲ್ಲೇ ಹೇಳಿದರು, ಪದದ ಆಕಾರ, ಸದ್ದು ನೋಡಿದ್ದಕ್ಕಿಂತ ಅರ್ಥದ ಮೇಲೆ ಮನಸ್ಸು ಹಾಕಿದ್ದು ಗಟ್ಟಿಯಾಗಿ ಉಳಿಯುತ್ತದೆ ಅಂತ. "ಇದು ಯಾಕೆ ಹೀಗೆ?" ಅಂತ ಪ್ರತಿ ಪ್ಯಾರಾಕ್ಕೂ ಕೇಳಿಕೊಂಡು ಉತ್ತರ ಹೇಳಿಕೊಳ್ಳುವುದು ಅದಕ್ಕೆ ಒಳ್ಳೆಯ ಅಭ್ಯಾಸ.

ಅವಧಾನಿಗಳನ್ನು ತೋರಿಸಿ "ನೋಡಿ, ಅಭ್ಯಾಸ ಮಾಡಿದರೆ ಹೀಗೆ ಆಗಬಹುದು" ಅಂತ ಕೋರ್ಸ್ ಮಾರುವವರಿದ್ದಾರೆ. ಶತಾವಧಾನಿ ಆರ್. ಗಣೇಶ್ ಅವರು ಪ್ರಶ್ನೆ ಹಾಕುವ ಪೃಚ್ಛಕರ ನಡುವೆ ಪದ್ಯವನ್ನು ಸಾಲು ಸಾಲಾಗಿ ಕಟ್ಟಿ, ಕೊನೆಗೆ ಎಲ್ಲವನ್ನೂ ಒಪ್ಪಿಸುವುದನ್ನು ನೋಡಿದವರಿಗೆ ಬೆರಗಾಗದೆ ಇರುವುದಿಲ್ಲ. ಆದರೆ ಅದರ ಹಿಂದೆ ಛಂದಸ್ಸು, ಕಾವ್ಯ, ವ್ಯಾಕರಣದ ಜೀವಮಾನದ ಓದು ಇದೆ. ಹತ್ತು ದಿನದ ತರಬೇತಿಯಲ್ಲಿ ಅದು ಬರುವುದಿಲ್ಲ. ನೆನಪಿನ ಮನೆಯ ವಿಧಾನವನ್ನು ಮೇಲಿನ ಎರಡು ಸಾಲಿನಲ್ಲೇ ಹೇಳಿ ಮುಗಿಸಿದೆ. ಸಾವಿರಾರು ರೂಪಾಯಿ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

"ನನ್ನ ಮಗು ನೋಡಿ ಕಲಿಯುವ ಬಗೆಯದು, ಕೇಳಿ ಕಲಿಯುವುದಿಲ್ಲ" ಅಂತ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಪಾಠ ಕೊಡಿಸುವುದೂ ಒಂದು ವ್ಯಾಪಾರ ಆಗಿದೆ. 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ಇದರ ಸಾಕ್ಷ್ಯ ಹುಡುಕಿದಾಗ ಅದು ಸಾಲದು ಅಂತ ಕಂಡಿತು. ಅದಕ್ಕೂ ಖರ್ಚು ಮಾಡಬೇಡಿ.

ಯಾರಿಗೆ ಯಾವುದು

ನಾಳೆಯೇ ಪರೀಕ್ಷೆ ಅಂದರೆ ಆರಿಸಲು ಜಾಸ್ತಿ ಏನೂ ಉಳಿದಿಲ್ಲ. ಒಂದು ಸಲ ಓದಿ, ಮುಖ್ಯಾಂಶಗಳನ್ನು ನೋಡದೆ ಹೇಳಿ, ಮಲಗಿ. ಜೆಂಕಿನ್ಸ್ ಮತ್ತು ಡಾಲನ್‌ಬಾಕ್ 1924ರಲ್ಲೇ, ಕಲಿತ ಮೇಲೆ ನಿದ್ದೆ ಮಾಡಿದರೆ ಎಚ್ಚರ ಇದ್ದುದಕ್ಕಿಂತ ಕಡಿಮೆ ಮರೆಯುತ್ತದೆ ಅಂತ ಕಂಡಿದ್ದರು. ರಾತ್ರಿಯೆಲ್ಲಾ ಕೂತು ಓದುವುದು ಲಾಭದ ಬಾಬತ್ತಲ್ಲ.

ಕೆಲಸಕ್ಕೆ ಹೋಗುತ್ತಾ ಟಿಕ್ ಹಾಕುವ ಪರೀಕ್ಷೆಗೆ ಓದುವವರು, ದಿನಕ್ಕೆ ಒಂದೇ ಗಂಟೆ ಸಿಗುತ್ತದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಬ್ರಿಟನ್ನಿನ ಅಂಚೆ ನೌಕರರಿಗೆ ಕೀಬೋರ್ಡ್ ಕಲಿಸುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ನೋಡಿದರು (1978ರಲ್ಲಿ ಪ್ರಕಟವಾಯಿತು). ದಿನಕ್ಕೆ ಒಂದು ಗಂಟೆ ಕಲಿತವರಿಗೆ, ದಿನಕ್ಕೆ ಎರಡೆರಡು ಗಂಟೆಯ ಎರಡು ಪಾಳಿ ಕಲಿತವರಿಗಿಂತ ಒಟ್ಟು ಗಂಟೆ ಕಡಿಮೆ ಸಾಕಾಯಿತು. ದಿನಗಳು ಮಾತ್ರ ಜಾಸ್ತಿ ಹಿಡಿದವು, ಅದಕ್ಕೇ ಅವರಿಗೆ ಸಮಾಧಾನವೂ ಕಡಿಮೆ ಇತ್ತು. ಇಲ್ಲಿ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಸರಳ: ಪರೀಕ್ಷೆಗೆ ತಿಂಗಳುಗಳಿದ್ದರೆ ದಿನಕ್ಕೊಂದು ಗಂಟೆ, ಅರ್ಧ ಹಳೇ ಚೀಟಿಗೆ, ಅರ್ಧ ಹೊಸ ಪಾಠಕ್ಕೆ. ಮೂರೇ ವಾರ ಇದ್ದರೆ ಚೀಟಿ ಮಾಡುತ್ತಾ ಕೂರಬೇಡಿ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ.

ಕೆಎಎಸ್ ಮುಖ್ಯ ಪರೀಕ್ಷೆಯವರಿಗೆ ಚೀಟಿ ಪೂರ್ವಭಾವಿ ಪರೀಕ್ಷೆಯ ತನಕ ಸಾಕು. ಆಮೇಲೆ ಹಾಳೆ, ಪೆನ್ನು, ಗಡಿಯಾರ. ಓದಿದ್ದನ್ನು ಬರೆಯದೆ ಬರೆಯುವ ಪರೀಕ್ಷೆ ದಾಟಲು ಆಗುವುದಿಲ್ಲ.

ಜರ್ಮನಿಗೆ ಹೋಗಲು ಭಾಷೆ ಕಲಿಯುತ್ತಿರುವ ನರ್ಸ್‌ಗಳಿಗೆ ಆ್ಯಪ್‌ಗೆ ಸಮನಾದ್ದು ಇಲ್ಲ, ಪದದ ಜೊತೆಗೇ ಅದರ ಲಿಂಗದ ಗುರುತನ್ನೂ ಒಂದೇ ಚೀಟಿಯಲ್ಲಿ ಹಾಕಿಕೊಳ್ಳಿ. ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಒತ್ತಕ್ಷರ ಕಲಿಸುವವರಿಗೂ ಚೀಟಿ ಒಗ್ಗುತ್ತದೆ. ಆದರೆ ಎರಡು ಒತ್ತಕ್ಷರ ಕಲಿತ ಮೇಲೆ ಬೆರೆಸಿಯೇ ತೋರಿಸಿ, "ಇವತ್ತು ತ ಒತ್ತು ಮಾತ್ರ" ಅಂತ ಬೇಡ.

ಸಣ್ಣ ಮಕ್ಕಳಿದ್ದರೆ ಮಗ್ಗಿ, ಪದ್ಯ ಬಾಯಿಪಾಠ ಇರಲಿ. ಉಳಿದದ್ದಕ್ಕೆ ಊಟದ ಹೊತ್ತಲ್ಲಿ "ಇವತ್ತು ಟೀಚರ್ ಏನು ಹೇಳಿದರು?" ಅಂತ ಕೇಳಿ. ಅದೂ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದೇ. ತಪ್ಪು ಹೇಳಿದರೆ ಬೈಯಬೇಡಿ, ಸರಿ ಹೇಳಿಕೊಟ್ಟು ಎರಡು ದಿನ ಬಿಟ್ಟು ಮತ್ತೆ ಕೇಳಿ. ಬೈದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಇಷ್ಟು ಓದಿಯೂ "ನನಗೆ ಮತ್ತೆ ಮತ್ತೆ ಓದುವುದೇ ಸರಿ" ಅನ್ನಿಸುತ್ತಿದ್ದರೆ ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಿ. ಒಂದೇ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ಉದ್ದದ, ಒಂದೇ ಕಷ್ಟದ ಎರಡು ಪಾಠ ತೆಗೆದುಕೊಳ್ಳಿ. ಒಂದನ್ನು ನಿಮ್ಮ ರೂಢಿಯಂತೆ ಓದಿ. ಇನ್ನೊಂದನ್ನು ಒಂದು ಸಲ ಓದಿ, ಉಳಿದ ಹೊತ್ತು ಮುಚ್ಚಿ ಬರೆದು ತಿದ್ದಿಕೊಳ್ಳಿ. ವಾರ ಬಿಟ್ಟು ಗೆಳೆಯರ ಕೈಯಲ್ಲಿ ಎರಡರಿಂದಲೂ ಹತ್ತು ಹತ್ತು ಪ್ರಶ್ನೆ ಕೇಳಿಸಿ. ಎರಡಕ್ಕೂ ಒಂದೇ ಹೊತ್ತು ಕೊಡುವುದು ಮುಖ್ಯ, ನಡುವಿನ ಆ ಒಂದು ವಾರ ಯಾವುದನ್ನೂ ತೆರೆದು ನೋಡಬಾರದು.